ಚಿತ್ರದ ಕೆಳಗಿನ ಚೀಟಿಯಲ್ಲಿ ಯಾವ ದೇಶ?

ಉಕ್ರೇನಿನ ಕಲೆ, ಕಸೂತಿ ಮತ್ತು ಇತಿಹಾಸ ಕುರಿತು ಓದುಗರು ಕಳಿಸಿದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಒಂದೇ ಸಂಗತಿಯನ್ನು ಹಲವರು ಕೇಳಿದ್ದ ಕಡೆ ಪ್ರಶ್ನೆಗಳನ್ನು ಕೂಡಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಮಾಲೆವಿಚ್, ರೆಪಿನ್, ಐವಾಜೊವ್‌ಸ್ಕಿ ಮೂವರೂ ರಷ್ಯನ್ ಕಲಾವಿದರು ಎಂದೇ ನಾವು ಓದಿದ್ದು, ಮಕ್ಕಳಿಗೆ ಹೇಳಿಕೊಟ್ಟದ್ದು. ಈಗ ಕೆಲವು ಮ್ಯೂಸಿಯಂಗಳು ಚೀಟಿ ಬದಲಿಸಿ ‘ಉಕ್ರೇನಿಯನ್’ ಎಂದು ಬರೆದಿವೆಯಂತೆ. ಯುದ್ಧ ಬಂತೆಂದು ಹೀಗೆ ಬದಲಿಸುವುದು ಸರಿಯೇ? ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಏನು ಬರೆಯಬೇಕು?
(ಚಿತ್ರಕಲಾ ಶಿಕ್ಷಕಿ, ಶಿವಮೊಗ್ಗ)

ಉತ್ತರ: ಬದಲಾವಣೆಗೆ ವೇಗ ಬಂದದ್ದು 2022ರ ಯುದ್ಧದಿಂದ, ನಿಜ. ಆದರೆ ಬೇಡಿಕೆ ಅದಕ್ಕಿಂತ ಹಳೆಯದು, ಅದಕ್ಕೆ ಗಟ್ಟಿಯಾದ ಆಧಾರವೂ ಇದೆ. ರಷ್ಯನ್ ಸಾಮ್ರಾಜ್ಯದಲ್ಲಿ ಎಲ್ಲೇ ಹುಟ್ಟಿರಲಿ, ಸೋವಿಯತ್ ಒಕ್ಕೂಟದಲ್ಲಿ ಎಲ್ಲೇ ಕೆಲಸ ಮಾಡಿರಲಿ, ಪಶ್ಚಿಮದ ಮ್ಯೂಸಿಯಂಗಳು ‘ರಷ್ಯನ್’ ಎಂದು ನಮೂದಿಸಿ ಮುಗಿಸುತ್ತಿದ್ದವು. ಇದರಿಂದ ಕಲಾವಿದರು ಯಾವ ಪ್ರಭುತ್ವದ ಪ್ರಜೆಗಳಾಗಿದ್ದರು ಎಂದಷ್ಟೇ ಗೊತ್ತಾಗುತ್ತದೆ. ಅವರು ಎಂಥ ಊರಿನಲ್ಲಿ, ಯಾರ ನಡುವೆ, ಏನನ್ನು ನೋಡುತ್ತ ಬೆಳೆದರು ಎಂಬುದು ಗೊತ್ತಾಗುವುದಿಲ್ಲ.

ಕಜಿಮಿರ್ ಮಾಲೆವಿಚ್ ಹುಟ್ಟಿದ್ದು 1879ರಲ್ಲಿ, ಕೀವ್‌ನಲ್ಲಿ. ತಂದೆತಾಯಿ ಪೋಲಿಷ್ ಮನೆತನದವರು. ತಂದೆಗೆ ಬೀಟ್ ಸಕ್ಕರೆ ಕಾರ್ಖಾನೆಗಳಲ್ಲಿ ಕೆಲಸ. ಹೀಗಾಗಿ ಬಾಲ್ಯವೆಲ್ಲ ಕಾರ್ಖಾನೆ ಇದ್ದ ಉಕ್ರೇನಿಯನ್ ಹಳ್ಳಿಗಳಲ್ಲಿ ಕಳೆಯಿತು. ರೈತರು ತಮ್ಮ ಮನೆ ಗೋಡೆಗಳಿಗೆ ಚಿತ್ರ ಬರೆಯುವುದು ತಮ್ಮ ಮೇಲೆ ಬೀರಿದ ಪ್ರಭಾವವನ್ನು ಅವರೇ ಆತ್ಮಕಥನದಲ್ಲಿ ಬರೆದಿದ್ದಾರೆ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಚೌಕವೊಂದೇ ಇರುವ ಅವರ ಪ್ರಸಿದ್ಧ ಚಿತ್ರ ‘ಕಪ್ಪು ಚೌಕ’ ಜನರೆದುರು ಬಂದದ್ದು 1915ರ ಡಿಸೆಂಬರಿನ ಪ್ರದರ್ಶನದಲ್ಲಿ. ಅದಕ್ಕೂ ಒಂದು ತಿಂಗಳು ಮೊದಲು, ಮಾಸ್ಕೋದಲ್ಲಿ ನಡೆದ ಅಲಂಕಾರ ಕಲೆಯ ಪ್ರದರ್ಶನದಲ್ಲಿ, ಅವರ ಜ್ಯಾಮಿತಿಯ ವಿನ್ಯಾಸಗಳು ಕಸೂತಿಯ ನಕ್ಷೆಗಳಾಗಿ ಕಾಣಿಸಿಕೊಂಡಿದ್ದವು. ಅಂಥ ನಕ್ಷೆಗಳನ್ನು ಹೊಲಿಯುತ್ತಿದ್ದವರು ಉಕ್ರೇನಿನ ವೆರ್ಬಿವ್ಕಾ ಹಳ್ಳಿಯ ಹೆಂಗಸರು. ಆ ಕಾರ್ಯಾಗಾರ ನಡೆಸುತ್ತಿದ್ದವರು ನತಾಲಿಯಾ ದವಿದೋವಾ, ಅಲ್ಲಿಗೆ ನಕ್ಷೆ ಕೊಟ್ಟವರಲ್ಲಿ ಕೀವ್‌ನ ಕಲಾವಿದೆ ಅಲೆಕ್ಸಾಂಡ್ರಾ ಎಕ್ಸ್‌ಟರ್ ಕೂಡ ಇದ್ದರು. ಮುಂದೆ 1928ರಿಂದ 1930ರವರೆಗೆ ಮಾಲೆವಿಚ್ ಕೀವ್ ಕಲಾ ಸಂಸ್ಥೆಯಲ್ಲಿ ಪಾಠ ಮಾಡಿದರು. ಇಷ್ಟೆಲ್ಲ ಇರುವಾಗ ಬರೀ ‘ರಷ್ಯನ್’ ಎನ್ನುವುದು ಅರ್ಧ ಸತ್ಯವೂ ಆಗದು. ಹಾಗೆಯೇ ಪೋಲಿಷ್ ಮನೆಯನ್ನೂ, ಮಾಸ್ಕೋ ಮತ್ತು ಪೆಟ್ರೋಗ್ರಾಡ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್, ನಡುವೆ ಕೆಲಕಾಲ ಲೆನಿನ್‌ಗ್ರಾಡ್) ವರ್ಷಗಳನ್ನೂ ಅಳಿಸಿ ಬರೀ ‘ಉಕ್ರೇನಿಯನ್’ ಎಂದರೂ ಅದೇ ತಪ್ಪಿನ ಇನ್ನೊಂದು ಮಗ್ಗುಲು.

ಇಲ್ಯಾ ರೆಪಿನ್ ಅವರದು ಬೇರೆ ಬಗೆ. ಹುಟ್ಟೂರು ಖಾರ್ಕಿವ್ ಬಳಿಯ ಚುಹುಯಿವ್, ವರ್ಷ 1844. ಕಲಿತದ್ದು, ಹೆಸರು ಮಾಡಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಟರ್ಕಿಯ ಸುಲ್ತಾನನಿಗೆ ಜಪರೋಜಿಯಾದ ಕೊಸಾಕರು (ಉಕ್ರೇನಿನ ಹುಲ್ಲುಗಾವಲಿನ ಯೋಧ ಸಮುದಾಯ) ಕಾಗದ ಬರೆಯುವ ಅವರ ದೊಡ್ಡ ಚಿತ್ರಕ್ಕೆ 1880ರಿಂದ 1891ರವರೆಗೆ ಕಾಲ ಹಿಡಿಯಿತು. ಅದರ ನಡುವೆ ಕೂತು ಬರೆಯುತ್ತಿರುವ ಲಿಪಿಕಾರನಿಗೆ ರೂಪದರ್ಶಿಯಾದವರು ಕೊಸಾಕರ ಇತಿಹಾಸಕಾರ ದ್ಮಿತ್ರೊ ಯವೊರ್ನಿತ್‌ಸ್ಕಿ. ಆಯುಧ, ಉಡುಪುಗಳ ವಿವರಕ್ಕೆ ನೆರವಾದವರೂ ಅವರೇ. ಮೊದಲ ಪ್ರತಿಯನ್ನು ಕೊಂಡದ್ದು ಚಕ್ರವರ್ತಿ ಮೂರನೇ ಅಲೆಕ್ಸಾಂಡರ್, ಬೆಲೆ 35,000 ರೂಬಲ್. ಇನ್ನೊಂದು ಪ್ರತಿ ಖಾರ್ಕಿವ್ ಕಲಾ ಮ್ಯೂಸಿಯಂನದು. ಉಕ್ರೇನಿಯನ್ ವಸ್ತು, ಸಾಮ್ರಾಜ್ಯದ ಹಣ, ಸಾಮ್ರಾಜ್ಯದ ರಾಜಧಾನಿ ಎಲ್ಲವೂ ಒಂದೇ ಕ್ಯಾನ್ವಾಸಿನಲ್ಲಿವೆ.

ಐವಾಜೊವ್‌ಸ್ಕಿ ಕ್ರಿಮಿಯಾದ ಫಿಯೊದೊಸಿಯಾದ ಅರ್ಮೇನಿಯನ್ನರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2023ರಲ್ಲಿ ಅವರನ್ನು ಉಕ್ರೇನಿಯನ್ ಎಂದು ಬರೆದಾಗ ಅರ್ಮೇನಿಯನ್ನರು ಆಕ್ಷೇಪಿಸಿದರು. ‘ಅರ್ಮೇನಿಯನ್, ಹುಟ್ಟಿದ್ದು ರಷ್ಯನ್ ಸಾಮ್ರಾಜ್ಯದಲ್ಲಿ, ಈಗಿನ ಉಕ್ರೇನ್’ ಎಂದು ಚೀಟಿ ಮತ್ತೆ ತಿದ್ದುಪಡಿಯಾಯಿತು. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಮಾದರಿ ಇದೇ. ಮರಿಯುಪೋಲ್‌ನ ಗ್ರೀಕ್ ಮನೆತನದ ಚಿತ್ರಕಾರ ಅರ್ಖಿಪ್ ಕುಯಿಂಜಿ ಅವರಿಗೂ ಇದೇ ರೀತಿ ಮೂರು ಭಾಗದ ಪರಿಚಯ ಹೊಂದುತ್ತದೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿ 2022ರ ಏಪ್ರಿಲ್‌ನಲ್ಲಿ ಎಡ್ಗರ್ ಡೆಗಾ ಅವರ ‘ರಷ್ಯನ್ ನರ್ತಕಿಯರು’ ಚಿತ್ರದ ಹೆಸರನ್ನು ‘ಉಕ್ರೇನಿಯನ್ ನರ್ತಕಿಯರು’ ಎಂದು ಬದಲಿಸಿದ್ದನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಚಿತ್ರಕಾರ ಫ್ರೆಂಚ್, ಪ್ರಶ್ನೆ ಇದ್ದದ್ದು ಚಿತ್ರದಲ್ಲಿರುವವರ ಬಗ್ಗೆ. ಅವರ ಉಡುಪು, ಹೂದಂಡೆ, ನೀಲಿ ಹಳದಿ ರಿಬ್ಬನ್ನುಗಳು ಉಕ್ರೇನಿನವು.

ವಿದ್ಯಾರ್ಥಿಗಳು ಒಂದೇ ಪದದಲ್ಲಿ ಉತ್ತರ ಹುಡುಕುವುದು ಬೇಡ. ಹುಟ್ಟಿದ ಊರು, ಮನೆತನ, ಕಲಿತು ಕೆಲಸ ಮಾಡಿದ ಸ್ಥಳ, ಆಗಿನ ಪ್ರಭುತ್ವ ನಾಲ್ಕನ್ನೂ ಒಂದು ವಾಕ್ಯದಲ್ಲಿ ಬರೆಯಲಿ: “ಆಗ ರಷ್ಯನ್ ಸಾಮ್ರಾಜ್ಯದಲ್ಲಿದ್ದ ಕೀವ್‌ನಲ್ಲಿ ಪೋಲಿಷ್ ಮನೆಯಲ್ಲಿ ಹುಟ್ಟಿ, ಮಾಸ್ಕೋ, ವಿತೆಬ್‌ಸ್ಕ್, ಕೀವ್, ಲೆನಿನ್‌ಗ್ರಾಡ್‌ಗಳಲ್ಲಿ ಕೆಲಸ ಮಾಡಿದ ಮಾಲೆವಿಚ್”. ಇದಕ್ಕೆ ಅಂಕ ಕಳೆಯುವ ಪರೀಕ್ಷಕರು ಇರಲಾರರು.

ಪ್ರಶ್ನೆ: ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಮಗನಿಗೆ ಅಲ್ಲಿನ ಮನೆ ಮಾಲೀಕರು ಕಸೂತಿ ಅಂಗಿಯೊಂದನ್ನು ಕೊಟ್ಟಿದ್ದರು. ಬಿಳಿ ಬಟ್ಟೆ, ಕೆಂಪು ಕಪ್ಪು ದಾರ. ಅದು ಕೈಕಸೂತಿಯೋ ಮೆಷಿನ್ನಿನದೋ ತಿಳಿಯುವುದು ಹೇಗೆ? ಒಗೆಯಲು ಭಯ. ಆ ವಿನ್ಯಾಸಗಳಿಗೆ ಗುಟ್ಟಿನ ಅರ್ಥ ಇದೆಯೇ?
(ಪೋಷಕರು, ಹಾವೇರಿ)

ಉತ್ತರ: ಆ ಅಂಗಿಗೆ ‘ವಿಶಿವಾಂಕಾ’ ಎನ್ನುತ್ತಾರೆ. ಮೊದಲು ಒಳಮಗ್ಗುಲು ತಿರುಗಿಸಿ ನೋಡಿ. ಒಳಗೆಲ್ಲ ಒಂದೇ ಬಣ್ಣದ, ಹೆಚ್ಚಾಗಿ ಬಿಳಿಯ, ತೆಳು ದಾರ ಒತ್ತಾಗಿದ್ದರೆ, ಅದರಡಿ ಕಾಗದದಂಥ ಬಿಗಿ ಬಟ್ಟೆ ಅಂಟಿದ್ದರೆ ಮೆಷಿನ್ ಕೆಲಸ. ಕೈಕಸೂತಿಯಲ್ಲಿ ಹೊರಗೆ ಕೆಂಪಿದ್ದ ಕಡೆ ಒಳಗೂ ಕೆಂಪೇ ಇರುತ್ತದೆ. ದಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದ ಗುರುತು, ತುದಿ ಸಿಕ್ಕಿಸಿದ ಗುರುತು ಕಾಣುತ್ತದೆ.

ಎಳೆ ಎಣಿಸಿ ಹಾಕುವ ಅಡ್ಡಹೊಲಿಗೆ ನಮ್ಮ ಧಾರವಾಡ ಕಸೂತಿಯ ಮೆಂತಿಯಂಥದ್ದು. ‘ನಿಜ್’ ಎಂಬ ಇನ್ನೊಂದು ಹೊಲಿಗೆ ನೇಯ್ಗೆಗೆ ಹತ್ತಿರ, ಬಟ್ಟೆಯ ಹಿಂಬದಿಯಿಂದ ಹಾಕುತ್ತಾರೆ, ಹಾಗಾಗಿ ಮುಂದಿನ ವಿನ್ಯಾಸ ಹಿಂದೆ ಬಣ್ಣ ಅದಲುಬದಲಾಗಿ ಕಾಣುತ್ತದೆ. ಪ್ರದೇಶಕ್ಕೊಂದು ಬಗೆಯಿದೆ. ಪೊಲ್ಟಾವಾ ಸೀಮೆಯ ರೆಶೆಟಿಲಿವ್ಕಾದ್ದು ಬಿಳಿ ಬಟ್ಟೆಯ ಮೇಲೆ ಬಿಳಿ ದಾರ, ನಡುನಡುವೆ ಎಳೆ ಕಿತ್ತು ಮಾಡಿದ ಜಾಲರಿ. ಪಶ್ಚಿಮದ ಬೋರ್ಶ್‌ಚಿವ್ ಅಂಗಿಗಳ ತೋಳಿನಲ್ಲಿ ಬಟ್ಟೆಯೇ ಕಾಣದಷ್ಟು ಒತ್ತಾಗಿ ಕಪ್ಪು ಉಣ್ಣೆ ಇರುತ್ತದೆ.

ಗುಟ್ಟಿನ ಅರ್ಥದ ಬಗ್ಗೆ ಎಚ್ಚರ ಬೇಕು. ಒಂದೊಂದು ಚೌಕಕ್ಕೂ ಒಂದೊಂದು ಮಂತ್ರಾರ್ಥ ಹೇಳುವ ಪಟ್ಟಿಗಳು ಅಂತರ್ಜಾಲದಲ್ಲಿ ತುಂಬಿವೆ. ಅವುಗಳಲ್ಲಿ ಹೆಚ್ಚಿನವು ಇತ್ತೀಚಿನ ಕಲ್ಪನೆ. ಬಹಳ ಜನ ‘ಪುರಾತನ’ ಎಂದುಕೊಂಡಿರುವ ಕೆಂಪು ಕಪ್ಪು ಗುಲಾಬಿಯ ಅಡ್ಡಹೊಲಿಗೆ ಹಳ್ಳಿಹಳ್ಳಿಗೆ ಹಬ್ಬಿದ್ದು 19ನೇ ಶತಮಾನದ ಕೊನೆಗೆ, ಅಚ್ಚಾದ ನಕ್ಷೆಗಳ ಮೂಲಕ. ಬ್ರೊಕಾರ್ ಎಂಬ ಸೋಪು ಕಂಪನಿ ಸೋಪಿನ ಜೊತೆ ಹಂಚಿದ ನಕ್ಷೆಗಳೂ ಅದರಲ್ಲಿ ಸೇರಿವೆ. ಅದಕ್ಕಿಂತ ಹಳೆಯ ಅಂಗಿಗಳಲ್ಲಿ ಜ್ಯಾಮಿತಿಯ ಆಕಾರಗಳೇ ಹೆಚ್ಚು. ಇದರಿಂದ ನಿಮ್ಮ ಅಂಗಿಯ ಬೆಲೆ ಕಡಿಮೆಯಾಗುವುದಿಲ್ಲ. ಮೇ ತಿಂಗಳ ಮೂರನೇ ಗುರುವಾರ ಉಕ್ರೇನಿಯನ್ನರು ಇದನ್ನು ತೊಟ್ಟು ಕಚೇರಿ, ಕಾಲೇಜಿಗೆ ಹೋಗುತ್ತಾರೆ. ಆ ರೂಢಿಯೂ ಹೊಸದೇ, 2006ರಲ್ಲಿ ಚೆರ್ನಿವ್ತ್‌ಸಿಯ ವಿದ್ಯಾರ್ಥಿಗಳು ಶುರುಮಾಡಿದ್ದು.

ಒಗೆಯುವ ಮೊದಲು ಬಿಳಿ ಬಟ್ಟೆಯ ತುಂಡೊಂದನ್ನು ತಣ್ಣೀರಿನಲ್ಲಿ ಒದ್ದೆಮಾಡಿ ಕೆಂಪು ದಾರದ ಮೇಲೆ ಒಂದು ನಿಮಿಷ ಒತ್ತಿಹಿಡಿಯಿರಿ. ಬಣ್ಣ ಹತ್ತದಿದ್ದರೆ ತಣ್ಣೀರಿಗೆ ಮೃದುವಾದ ಲಿಕ್ವಿಡ್ ಸೋಪು ಸ್ವಲ್ಪ ಹಾಕಿ, ಐದು ನಿಮಿಷದೊಳಗೆ ಕೈಯಲ್ಲಿ ಅದ್ದಿ ತೆಗೆಯಿರಿ. ನೆನೆಹಾಕಬೇಡಿ, ಉಜ್ಜಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ತಂತಿಯ ಮೇಲೆ ಹಾಕಿದರೆ ಒದ್ದೆ ಕಸೂತಿಯ ಭಾರಕ್ಕೆ ಭುಜ ಜಗ್ಗುತ್ತದೆ, ಕೆಂಪು ಕೆಳಗೆ ಇಳಿಯುತ್ತದೆ. ಒಂದು ವೇಳೆ ಬಣ್ಣ ಬಿಟ್ಟರೆ ಒಣಗಲು ಬಿಡದೆ ತಣ್ಣೀರು ಬದಲಿಸುತ್ತ ಜಾಲಾಡುತ್ತಲೇ ಇರಿ. ಒಣಗಿ ಇಸ್ತ್ರಿ ಬಿದ್ದರೆ ಆ ಕಲೆ ಹೋಗುವುದು ಬಹಳ ಕಷ್ಟ. ಇಸ್ತ್ರಿಯನ್ನು ದಪ್ಪ ಟವೆಲ್ ಮೇಲೆ ಕಸೂತಿ ಕೆಳಮುಖ ಮಾಡಿ ಹಾಕಿ. ಇಡುವಾಗ ಮಡಿಚುವ ಬದಲು ಹಳೆಯ ಬಿಳಿ ಪಂಚೆಯಲ್ಲಿ ಸುರುಳಿ ಸುತ್ತಿ.

ಪ್ರಶ್ನೆ: ಈಸ್ಟರ್‌ಗೆ ಮಾಡುವ ಉಕ್ರೇನಿನ ಬಣ್ಣದ ಮೊಟ್ಟೆಗಳನ್ನು ಮನೆಯಲ್ಲಿ ಮಾಡಬಹುದೇ? ಹೋದ ವರ್ಷ ಬೇಯಿಸಿದ ಮೊಟ್ಟೆಯ ಮೇಲೆ ಮೇಣದಬತ್ತಿ ತೊಟ್ಟಿಕ್ಕಿಸಿ ಬಣ್ಣಕ್ಕೆ ಅದ್ದಿದೆ. ಮೇಣ ಎದ್ದುಬಂತು, ಬಣ್ಣವೂ ತೇಪೆ ತೇಪೆಯಾಯಿತು.
(ಗೃಹಿಣಿ, ಉಡುಪಿ)

ಉತ್ತರ: ನಿಮ್ಮಲ್ಲಿ ಕೆಟ್ಟದ್ದು ಎರಡು: ಬೇಯಿಸಿದ ಮೊಟ್ಟೆ ಮತ್ತು ಪ್ಯಾರಾಫಿನ್ ಮೇಣ. ‘ಪಿಸಂಕಾ’ ಎಂಬ ಈ ಮೊಟ್ಟೆಗೆ ಬೇಕಾದ್ದು ಹಸಿ ಮೊಟ್ಟೆ ಮತ್ತು ಜೇನುಮೇಣ. ಬೇಯಿಸಿದಾಗ ಚಿಪ್ಪಿನ ಹೊರಪದರ ಹಾಳಾಗಿ ಬಣ್ಣ ಸಮನಾಗಿ ಹಿಡಿಯುವುದಿಲ್ಲ. ಪ್ಯಾರಾಫಿನ್ ಗಡುಸಾಗಿ ಸಿಡಿದೇಳುತ್ತದೆ, ಆ ಸಂದಿಗೆ ಬಣ್ಣ ನುಗ್ಗುತ್ತದೆ.

ಫಾರಂ ಕೋಳಿಯ ಬಿಳಿ ಮೊಟ್ಟೆ ಆರಿಸಿ. ನಾಟಿ ಕೋಳಿಯ ಕಂದು ಮೊಟ್ಟೆಯಲ್ಲಿ ಬಿಳಿ ಗೆರೆ ಬರುವುದಿಲ್ಲ. ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕಿದೆಯೇ ನೋಡಿ. ಫ್ರಿಜ್ಜಿನಿಂದ ತೆಗೆದದ್ದಾದರೆ ಎರಡು ಮೂರು ಗಂಟೆ ಹೊರಗಿಡಿ. ಕರಾವಳಿಯ ಸೆಕೆಗೆ ತಣ್ಣನೆಯ ಚಿಪ್ಪು ಬೆವರುತ್ತದೆ, ಬೆವರಿನ ಮೇಲೆ ಮೇಣ ಕೂರುವುದಿಲ್ಲ. ಸೋಪು ಮುಟ್ಟಿಸಬೇಡಿ. ಕೈಯನ್ನು ಮಾತ್ರ ಚೆನ್ನಾಗಿ ತೊಳೆದುಕೊಳ್ಳಿ, ಬೆರಳಿನ ಜಿಡ್ಡು ಹತ್ತಿದಲ್ಲಿ ಬಣ್ಣ ಹಿಡಿಯುವುದಿಲ್ಲ. ಪೆನ್ಸಿಲಿನಿಂದ ಹಗುರವಾಗಿ ಗೆರೆ ಎಳೆಯಿರಿ. ತಪ್ಪಿದರೂ ರಬ್ಬರ್ ಹಾಕಬೇಡಿ, ಉಜ್ಜಿದ ಗುರುತು ಬಣ್ಣದಲ್ಲಿ ಎದ್ದು ಕಾಣುತ್ತದೆ.

ಬಣ್ಣಕ್ಕೆ ಒಂದು ಲೋಟ (ಸುಮಾರು 250 ಮಿಲಿ) ಕುದಿಯುವ ನೀರಿನಲ್ಲಿ ಅಡುಗೆ ಬಣ್ಣದ ಪುಡಿಯನ್ನು ಗಾಢವಾಗಿ ಕಲಸಿ, ಪೂರ್ತಿ ತಣ್ಣಗಾದ ಮೇಲೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ. ಬಣ್ಣ ಬಿಸಿಯಿದ್ದರೆ ಮೇಣ ಕರಗುತ್ತದೆ. ವಿನೆಗರ್ ಇಲ್ಲದಿದ್ದರೆ ಬಣ್ಣ ಚಿಪ್ಪಿಗೆ ಹತ್ತುವುದಿಲ್ಲ, ಹೆಚ್ಚಾದರೆ ಚಿಪ್ಪೇ ಕರಗಿ ಮೇಲ್ಮೈ ತರಿತರಿಯಾಗುತ್ತದೆ. ಪಿಸಂಕಾಗೆಂದೇ ಮಾರುವ ಪುಡಿ ಸಿಕ್ಕಿದರೆ ಪೊಟ್ಟಣದ ಮೇಲೆ ಬರೆದಿರುವಂತೆ ಮಾಡಿ. ಅದು ತಿನ್ನುವ ಬಣ್ಣವಲ್ಲ, ಪಾತ್ರೆ ಬೇರೆ ಇಡಿ.

ಮೇಣ ಹಾಕುವ ಉಪಕರಣ ಎಂದರೆ ಕಡ್ಡಿಯ ತುದಿಗೆ ತಂತಿಯಲ್ಲಿ ಬಿಗಿದ ಪುಟ್ಟ ಹಿತ್ತಾಳೆ ಆಲಿಕೆ. ಸಿಗದಿದ್ದರೆ ಗುಂಡುಪಿನ್ನನ್ನು ಪೆನ್ಸಿಲಿನ ಹಿಂಬದಿಯ ರಬ್ಬರಿಗೆ ಚುಚ್ಚಿ, ಅದರ ತಲೆಯನ್ನು ಕರಗಿದ ಮೇಣಕ್ಕೆ ಅದ್ದಿ ಎಳೆಯಬಹುದು. ಅದರಲ್ಲಿ ಚುಕ್ಕಿ ಮತ್ತು ಹನಿಯ ಆಕಾರ ಬರುತ್ತದೆ, ಉದ್ದ ಗೆರೆ ಬರುವುದಿಲ್ಲ. ಆಲಿಕೆಯನ್ನು ಮೇಣದಬತ್ತಿಯ ಉರಿಯಲ್ಲಿ ಕಾಯಿಸಿ, ಜೇನುಮೇಣ ತುಂಬಿ, ಇನ್ನೊಮ್ಮೆ ಕಾಯಿಸಿ. ಮೊದಲ ಹನಿಯನ್ನು ಕಾಗದದ ಮೇಲೆ ಬಿಡಿ, ಇಲ್ಲದಿದ್ದರೆ ಅದು ಮೊಟ್ಟೆಯ ಮೇಲೆ ದಪ್ಪ ಬೊಟ್ಟಾಗಿ ಬೀಳುತ್ತದೆ. ಆಮೇಲೆ ಕೈ ಅಲುಗದಂತೆ ಹಿಡಿದು ಮೊಟ್ಟೆಯನ್ನೇ ತಿರುಗಿಸಿ. ಗೆರೆ ನೇರ ಬರುವುದು ಹಾಗೆಯೇ.

ಕ್ರಮ ತಿಳಿಯಿಂದ ಗಾಢಕ್ಕೆ. ಬಿಳಿಯಾಗಿ ಉಳಿಯಬೇಕಾದ ಕಡೆ ಮೊದಲು ಮೇಣ, ಆಮೇಲೆ ಹಳದಿ ಬಣ್ಣದಲ್ಲಿ ಐದರಿಂದ ಹತ್ತು ನಿಮಿಷ. ತೆಗೆದು ಟಿಶ್ಯೂ ಕಾಗದದಲ್ಲಿ ಒತ್ತಿ, ಒರೆಸಬೇಡಿ. ಹಳದಿ ಉಳಿಯಬೇಕಾದ ಕಡೆ ಮೇಣ, ಆಮೇಲೆ ಕಿತ್ತಳೆ, ಮತ್ತೆ ಮೇಣ, ಕೆಂಪು, ಕೊನೆಗೆ ಕಪ್ಪು. ಅಡುಗೆ ಬಣ್ಣದಲ್ಲಿ ಒಳ್ಳೆಯ ಕಪ್ಪು ಬರುವುದು ಕಷ್ಟ, ಗಾಢ ಕಂದಿಗೆ ನಿಲ್ಲಿಸಿ. ಹಸಿರು ಬೇಕಿದ್ದರೆ ಇಡೀ ಮೊಟ್ಟೆಯನ್ನು ಅದ್ದದೆ, ಹಳದಿಯ ಮೇಲೆ ಬೇಕಾದಷ್ಟು ಜಾಗಕ್ಕೆ ಮಾತ್ರ ಕಡ್ಡಿಯಲ್ಲಿ ಹಚ್ಚಿ, ಒಣಗಿದ ಮೇಲೆ ಮೇಣ ಮುಚ್ಚಿ. ಸುತ್ತ ಹರಡಿದ ಹಸಿರನ್ನು ಮುಂದಿನ ಕಿತ್ತಳೆ ಮರೆಸುತ್ತದೆ. ಹಸಿರಿನ ನಂತರ ನೇರ ಕೆಂಪಿಗೆ ಹೋದರೆ ಮಣ್ಣುಬಣ್ಣ.

ಕೊನೆಗೆ ಮೊಟ್ಟೆ ಕಪ್ಪು ಮುದ್ದೆಯಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಉರಿಯ ಪಕ್ಕಕ್ಕೆ, ಮೇಲಕ್ಕಲ್ಲ, ಎರಡು ಮೂರು ಸೆಕೆಂಡು ಹಿಡಿದು, ಮೇಣ ಹೊಳೆದ ಕೂಡಲೇ ಟಿಶ್ಯೂವಿನಿಂದ ಒರೆಸಿ. ಬೆರಳಗಲದಷ್ಟೇ ಜಾಗ ಒಂದು ಸಲಕ್ಕೆ. ಉರಿಯ ಮೇಲೆ ಹಿಡಿದರೆ ಮಸಿ ಹಿಡಿಯುತ್ತದೆ, ಹೆಚ್ಚು ಹೊತ್ತು ಕಾಯಿಸಿದರೆ ಬಿರಿಯುತ್ತದೆ. ಆಮೇಲೆ ಎಣ್ಣೆ ಆಧಾರಿತ ವಾರ್ನಿಷ್ ಮೂರು ತೆಳು ಪದರ. ನೀರಿನ ವಾರ್ನಿಷ್ ಹಚ್ಚಿದರೆ ಬಣ್ಣ ಹರಿದುಹೋಗುತ್ತದೆ. ವಾರ್ನಿಷ್ ಒಣಗಿದ ಮೇಲೆಯೇ ತೂತು ಮಾಡಿ ಒಳಗಿನದನ್ನು ಊದಿ ತೆಗೆಯಿರಿ. ಮೊದಲೇ ತೆಗೆದರೆ ಖಾಲಿ ಮೊಟ್ಟೆ ಬಣ್ಣದಲ್ಲಿ ತೇಲುತ್ತದೆ. ವಾರ್ನಿಷ್ ಇಲ್ಲದೆ ತೆಗೆದರೆ ಸುರಿದ ಲೋಳೆ ಬಣ್ಣವನ್ನು ಎಬ್ಬಿಸುತ್ತದೆ. ಉಕ್ರೇನಿನ ಚಳಿಯಲ್ಲಿ ತುಂಬಿದ ಮೊಟ್ಟೆಯನ್ನೇ ಒಣಗಲು ಬಿಡುವುದುಂಟು. ಉಡುಪಿಯ ಸೆಕೆಯಲ್ಲಿ ಹಾಗೆ ಬಿಟ್ಟರೆ ಒಳಗೆ ಕೊಳೆತು ಗಾಳಿ ತುಂಬಿ ಒಡೆಯುವುದು ಖಂಡಿತ.

ಸೋವಿಯತ್ ಕಾಲದಲ್ಲಿ ಧರ್ಮದ ನಂಟಿನಿಂದಾಗಿ ಈ ಕಲೆಗೆ ತಡೆ ಬಿದ್ದಾಗ ಇದನ್ನು ಬಿಡದೆ ಉಳಿಸಿಕೊಂಡವರಲ್ಲಿ ಕೆನಡಾ ಮತ್ತು ಅಮೆರಿಕಕ್ಕೆ ಹೋಗಿ ನೆಲೆಸಿದವರು ಬಹಳ. ಕೆನಡಾದ ವೆಗ್ರೆವಿಲ್ ಊರಿನಲ್ಲಿ 1975ರಲ್ಲಿ ದೈತ್ಯ ಪಿಸಂಕಾ ನಿಲ್ಲಿಸಿದರು. ಉಕ್ರೇನಿನ ಕೊಲೊಮಿಯಾದಲ್ಲಿ 2000ದಲ್ಲಿ ತೆರೆದ ಪಿಸಂಕಾ ಮ್ಯೂಸಿಯಂನ ಕಟ್ಟಡವೇ ಮೊಟ್ಟೆಯ ಆಕಾರ. 2024ರಲ್ಲಿ ಉಕ್ರೇನ್ ಮತ್ತು ಎಸ್ಟೋನಿಯಾಗಳ ಹೆಸರಿನಲ್ಲಿ ಇದು ಯುನೆಸ್ಕೊ ಪಟ್ಟಿ ಸೇರಿತು.

ಪ್ರಶ್ನೆ: 1991ಕ್ಕೆ ಮೊದಲು ಉಕ್ರೇನ್ ಎಂಬ ದೇಶವೇ ಇರಲಿಲ್ಲ, ಅದು ಸೋವಿಯತ್ತರು ಗೆರೆ ಎಳೆದು ಮಾಡಿದ್ದು ಎಂದು ಸ್ನೇಹಿತರೊಬ್ಬರ ವಾದ. ಏನು ಹೇಳಲಿ?
(ನಿವೃತ್ತ ಉಪನ್ಯಾಸಕರು, ಧಾರವಾಡ)

ಉತ್ತರ: ಒಂದು ನೋಟು ತೋರಿಸಿ. 1917ರ ಕೊನೆಗೆ, ಕೀವ್‌ನಲ್ಲಿ ಉಕ್ರೇನ್ ಜನತಾ ಗಣರಾಜ್ಯ ಘೋಷಣೆಯಾದ ಮೇಲೆ, ಸಿದ್ಧವಾದ 100 ಕಾರ್ಬೊವಾನೆತ್ಸ್‌ನ ನೋಟು ಅದು. ವಿನ್ಯಾಸ ಹೆಯೊರ್ಹಿ ನಾರ್ಬುತ್ ಅವರದು. ಅದರ ಮೇಲಿರುವ ತ್ರಿಶೂಲ ಸಾವಿರ ವರ್ಷ ಹಿಂದೆ ಕೀವ್‌ನ ರಾಜ ವೊಲೊದಿಮಿರ್ ಹೊರಡಿಸಿದ ನಾಣ್ಯಗಳಲ್ಲಿದ್ದ ಚಿಹ್ನೆ. ಇಂದಿನ ಉಕ್ರೇನಿನ ಲಾಂಛನವೂ ಅದೇ. ಅದೇ ಡಿಸೆಂಬರಿನಲ್ಲಿ ನಾರ್ಬುತ್, ಮಿಖಾಯ್ಲೊ ಬೊಯ್ಚುಕ್, ಒಲೆಕ್ಸಾಂದರ್ ಮುರಾಶ್ಕೊ ಮೊದಲಾದವರು ಸೇರಿ ಉಕ್ರೇನಿಯನ್ ಕಲಾ ಅಕಾಡೆಮಿ ತೆರೆದರು. 1918ರ ಜನವರಿ 22ರಂದು ಪೂರ್ಣ ಸ್ವಾತಂತ್ರ್ಯದ ಘೋಷಣೆಯಾಯಿತು. ಆ ಗಣರಾಜ್ಯ ಬೊಲ್ಶೆವಿಕ್ ಸೇನೆಯ ಎದುರು ಉಳಿಯಲಿಲ್ಲ, ಅದು ಬೇರೆ ಮಾತು. ಸೋವಿಯತ್ ಉಕ್ರೇನ್ ಬಂದದ್ದು ಅದಕ್ಕೆ ಎದುರಾಗಿ.

ಅದಕ್ಕೂ ಹಿಂದಿನದಕ್ಕೆ ಸಾಮ್ರಾಜ್ಯದ ಆಜ್ಞೆಗಳೇ ಸಾಕ್ಷಿ. ಇಲ್ಲದ ಒಂದು ಭಾಷೆಯನ್ನು ಯಾರೂ ನಿಷೇಧಿಸುವುದಿಲ್ಲ. 1863ರಲ್ಲಿ ಒಳಾಡಳಿತ ಸಚಿವ ವಲುಯೆವ್ ಉಕ್ರೇನಿಯನ್ ಭಾಷೆಯ ಧಾರ್ಮಿಕ ಮತ್ತು ಶಾಲಾ ಪುಸ್ತಕಗಳನ್ನು ತಡೆದ. 1876ರಲ್ಲಿ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್‌ನಲ್ಲಿದ್ದಾಗ ಸಹಿ ಹಾಕಿದ ಆಜ್ಞೆ ಹೊರಗಿನಿಂದ ಪುಸ್ತಕ ತರಿಸುವುದನ್ನೂ, ನಾಟಕವನ್ನೂ, ಹಾಡಿನ ಸಾಹಿತ್ಯ ಅಚ್ಚು ಹಾಕುವುದನ್ನೂ ನಿಲ್ಲಿಸಿತು. ಆಗ ಉಕ್ರೇನಿಯನ್ ಪುಸ್ತಕಗಳು ಆಸ್ಟ್ರಿಯಾದ ಆಡಳಿತದಲ್ಲಿದ್ದ ಲ್ವಿವ್‌ನಲ್ಲಿ ಅಚ್ಚಾದವು.

ತರಾಸ್ ಶೆವ್ಚೆಂಕೊ ಅವರನ್ನು ಕವಿಯೆಂದು ಎಲ್ಲರೂ ಬಲ್ಲರು, ಚಿತ್ರಕಾರರೆಂದು ಬಲ್ಲವರು ಕಡಿಮೆ. 1814ರಲ್ಲಿ ಜೀತದಾಳಾಗಿ ಹುಟ್ಟಿದವರು. ಕಾರ್ಲ್ ಬ್ರ್ಯುಲ್ಲೊವ್ ಬರೆದ ಕವಿ ಜುಕೊವ್‌ಸ್ಕಿಯ ಭಾವಚಿತ್ರವನ್ನು ಲಾಟರಿಗಿಟ್ಟು, ಬಂದ 2,500 ರೂಬಲ್ಲನ್ನು ಧಣಿಗೆ ಕೊಟ್ಟು 1838ರಲ್ಲಿ ಅವರನ್ನು ಬಿಡಿಸಲಾಯಿತು. 1847ರಲ್ಲಿ ಬಂಧನ, ಸಿಪಾಯಿಯಾಗಿ ಒರೆನ್‌ಬುರ್ಗ್ ಕಡೆಗೆ ಗಡಿಪಾರು, ಬರೆಯಕೂಡದು, ಚಿತ್ರಿಸಕೂಡದು ಎಂದು ಚಕ್ರವರ್ತಿ ಮೊದಲನೇ ನಿಕೊಲಾಯ್ ತನ್ನ ಕೈಯಾರೆ ಸೇರಿಸಿದ. ಬೂಟಿನೊಳಗೆ ಅಡಗಿಸಿಡುವಷ್ಟು ಪುಟ್ಟ ಪುಸ್ತಕ ಹೊಲಿದುಕೊಂಡು ಶೆವ್ಚೆಂಕೊ ಪದ್ಯ ಬರೆದರು. 1848-49ರಲ್ಲಿ ಅರಲ್ ಸಮುದ್ರದ ಸಮೀಕ್ಷೆಗೆ ಹೋದ ತಂಡದ ಮುಖ್ಯಸ್ಥ ಬುತಕೊವ್, ಶೆವ್ಚೆಂಕೊ ಅವರನ್ನೇ ಚಿತ್ರಕಾರರನ್ನಾಗಿ ಕರೆದೊಯ್ದದ್ದರಿಂದ ಆ ದಡಗಳ ಜಲವರ್ಣ ಚಿತ್ರಗಳು ಇಂದು ನಮಗೆ ಸಿಕ್ಕಿವೆ. 1860ರಲ್ಲಿ ಅವರಿಗೆ ಅಕಾಡೆಮಿಶಿಯನ್ ಪದವಿ ಬಂದದ್ದು ಕಾವ್ಯಕ್ಕಲ್ಲ, ಲೋಹದ ತಗಡಿನಲ್ಲಿ ಕೆತ್ತಿ ಅಚ್ಚು ತೆಗೆಯುವ ಕಲೆಗೆ.

1991ರ ಡಿಸೆಂಬರ್ 1ರ ಜನಮತಗಣನೆಯಲ್ಲಿ ಸ್ವಾತಂತ್ರ್ಯಕ್ಕೆ 90%ಕ್ಕೂ ಹೆಚ್ಚು ಮತ ಬಿತ್ತು, ಕ್ರಿಮಿಯಾದಲ್ಲೂ ಅರ್ಧಕ್ಕಿಂತ ಮೇಲೆ. ನಿಮ್ಮ ಸ್ನೇಹಿತರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಪ್ರಶ್ನೆ: ಬೊಯ್ಚುಕ್ ದೊಡ್ಡ ಕಲಾವಿದರೆಂದು ಓದಿದೆ. ಹುಡುಕಿದರೆ ಅವರ ಚಿತ್ರ ಬೆರಳೆಣಿಕೆಯಷ್ಟೂ ಸಿಗುವುದಿಲ್ಲವಲ್ಲ, ಏಕೆ?
(ಕಲಾ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಏಕೆಂದರೆ ಸ್ಟಾಲಿನ್ ಕಾಲದ ಸೋವಿಯತ್ ಆಡಳಿತದವರು ಮೊದಲು ಮನುಷ್ಯರನ್ನು ಕೊಂದರು, ಆಮೇಲೆ ಗೋಡೆಗಳನ್ನು ಅಳಿಸಿದರು. ಬೊಯ್ಚುಕ್ (ಜನನ 1882) ಬೈಜಾಂಟೈನ್ ಐಕಾನ್‌ಗಳು (ಕ್ರೈಸ್ತರ ಪೂಜಾಚಿತ್ರಗಳು), ಇಟಲಿಯ ಆರಂಭಿಕ ನವೋದಯ ಮತ್ತು ಉಕ್ರೇನಿನ ಜನಪದವನ್ನು ಬೆರೆಸಿ ಭಿತ್ತಿಚಿತ್ರದ ಒಂದು ಪಂಥವನ್ನೇ ಕಟ್ಟಿದರು. ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ, ಮೊಟ್ಟೆಯ ಹಳದಿಯಲ್ಲಿ ಕಲಸಿದ ಟೆಂಪೆರಾ ಅವರ ಮಾಧ್ಯಮಗಳು. ಶಿಷ್ಯರೊಡನೆ ಒಡೆಸಾ ಬಳಿಯ ರೈತರ ಆರೋಗ್ಯಧಾಮದಲ್ಲಿ, ಖಾರ್ಕಿವ್‌ನ ರಂಗಮಂದಿರದಲ್ಲಿ ಗೋಡೆಗಳನ್ನು ತುಂಬಿದರು. 1937ರ ಜುಲೈ 13ರಂದು ಬೊಯ್ಚುಕ್, ಇವಾನ್ ಪದಾಲ್ಕಾ, ವಸಿಲ್ ಸೆದ್ಲ್ಯಾರ್ ಮೂವರನ್ನೂ ಗುಂಡಿಕ್ಕಿ ಕೊಂದರು. ಡಿಸೆಂಬರಿನಲ್ಲಿ ಬೊಯ್ಚುಕ್ ಅವರ ಪತ್ನಿ, ಮರದಚ್ಚು ಕಲಾವಿದೆ ಸೋಫಿಯಾ ನಾಲೆಪಿನ್‌ಸ್ಕಾ ಅವರನ್ನೂ. ಫ್ರೆಸ್ಕೊ ಗೋಡೆಯನ್ನು ಬಿಟ್ಟು ಬರುವುದಿಲ್ಲ. ಗೋಡೆ ಕೆರೆದರೆ, ಗಾರೆ ಬಳಿದರೆ ಮುಗಿಯಿತು.

ಬಿಡಿ ಚಿತ್ರಗಳ ಪಾಡು ಇನ್ನೊಂದು. 1937-39ರಲ್ಲಿ ಕೀವ್, ಖಾರ್ಕಿವ್, ಒಡೆಸಾ, ಪೊಲ್ಟಾವಾಗಳ ಸಂಗ್ರಹಗಳಿಂದ ‘ಜನಶತ್ರು’ಗಳ ಕೃತಿಗಳನ್ನು ಆರಿಸಿ ಕೀವ್‌ನ ಮ್ಯೂಸಿಯಂನ ರಹಸ್ಯ ವಿಭಾಗಕ್ಕೆ ಹಾಕಿದರು. ‘ವಿಶೇಷ ನಿಧಿ’ ಎಂದು ಅದಕ್ಕೆ ಹೆಸರು. ನಾಶ ಮಾಡಲೆಂದು ಬೇರ್ಪಡಿಸಿದ್ದು, ಮ್ಯೂಸಿಯಂ ಸಿಬ್ಬಂದಿಯ ಕೈಯಲ್ಲಿ ಸುರುಳಿಯಾಗಿ ಉಳಿದುಕೊಂಡಿತು. ಈಗಿನ ಉಕ್ರೇನ್ ರಾಷ್ಟ್ರೀಯ ಕಲಾ ಮ್ಯೂಸಿಯಂ 2015ರಲ್ಲಿ ಅದನ್ನು ಪ್ರದರ್ಶಿಸಿತು. 2022ರ ನವೆಂಬರಿನಲ್ಲಿ ಮ್ಯಾಡ್ರಿಡ್‌ನ ಥಿಸ್ಸೆನ್ ಮ್ಯೂಸಿಯಂನಲ್ಲಿ ಉಕ್ರೇನಿನ ಆಧುನಿಕ ಕಲೆಯ ದೊಡ್ಡ ಪ್ರದರ್ಶನ ತೆರೆಯಿತು. ಚಿತ್ರ ಹುಡುಕುವಾಗ ಬೊಯ್ಚುಕ್ ಒಬ್ಬರ ಹೆಸರಿಗೆ ನಿಲ್ಲದೆ ಶಿಷ್ಯರ ಹೆಸರುಗಳನ್ನೂ ಹಾಕಿ. ಸೆದ್ಲ್ಯಾರ್ ಅವರ ಪುಸ್ತಕ ಚಿತ್ರಗಳು, ನಾಲೆಪಿನ್‌ಸ್ಕಾ ಅವರ ಮರದಚ್ಚುಗಳು ಕಾಗದದ ಮೇಲಿದ್ದ ಕಾರಣ ಉಳಿದಿವೆ.

ಪ್ರಶ್ನೆ: ಬೇಸಿಗೆ ಶಿಬಿರದ ಮಕ್ಕಳಿಗೆ ಪೆಟ್ರಿಕಿವ್ಕಾ ಚಿತ್ರ ಕಲಿಸಬೇಕು. ಸಾಮಗ್ರಿ, ಕ್ರಮ ತಿಳಿಸಿ.
(ಶಿಬಿರದ ಸಂಚಾಲಕರು, ಮೈಸೂರು)

ಉತ್ತರ: ದ್ನಿಪ್ರೊ ನಗರದ ಬಳಿಯ ಪೆಟ್ರಿಕಿವ್ಕಾ ಹಳ್ಳಿಯ ಹೂಬಳ್ಳಿ ಚಿತ್ರಗಳಿವು, ಯುನೆಸ್ಕೊ ಪಟ್ಟಿಗೆ ಸೇರಿದ್ದು 2013ರಲ್ಲಿ. ಸುಣ್ಣ ಬಳಿದ ಗೋಡೆಯ ಮೇಲಿದ್ದದ್ದು ಕಾಗದಕ್ಕೆ ಬಂತು, ಆಮೇಲೆ ಮರದ ಡಬ್ಬಿ, ತಟ್ಟೆಗಳಿಗೆ. ಹಳ್ಳಿಯ ಶಾಲೆಯಲ್ಲಿ 1936ರಿಂದ ಕಲಿಸಿದ ತೆತ್ಯಾನಾ ಪಾತಾ (1884-1976) ಅವರ ಶಿಷ್ಯರಿಂದ ಈಗಿನ ಪರಂಪರೆ ಬೆಳೆದಿದೆ. ಅವರ ಕುಂಚ ಬೆಕ್ಕಿನ ಕೂದಲನ್ನು ಕಡ್ಡಿಗೆ ದಾರದಲ್ಲಿ ಕಟ್ಟಿದ್ದು. ನಿಮಗೆ 2 ಅಥವಾ 3ನೇ ನಂಬರಿನ ಮೃದುವಾದ ದುಂಡು ಕುಂಚ, ಗ್ವಾಶ್ ಅಥವಾ ಪೋಸ್ಟರ್ ಬಣ್ಣ, ದಪ್ಪ ಬಿಳಿ ಕಾಗದ ಸಾಕು.

ಪೆನ್ಸಿಲ್ ಗೆರೆ ಹಾಕಿಸಬೇಡಿ, ಅದು ಇಲ್ಲಿನ ಪದ್ಧತಿಯಲ್ಲ. ಮೊದಲ ದಿನವಿಡೀ ಎರಡೇ ಕುಂಚಗತಿ. ಒತ್ತಿ ಶುರುಮಾಡಿ, ಎತ್ತುತ್ತ ಹೋಗಿ ಕೂದಲೆಳೆಯಲ್ಲಿ ಮುಗಿಸುವುದು ‘ಬಾಚಣಿಗೆ’. ತೆಳ್ಳಗೆ ತಾಗಿಸಿ, ಒತ್ತುತ್ತ ಹೋಗಿ ದಪ್ಪದಲ್ಲಿ ನಿಲ್ಲಿಸುವುದು ‘ಕಾಳು’. ಇವು ಕೈಗೆ ಕೂತ ಮೇಲೆ ಎರಡು ಬಣ್ಣದ ಗತಿ: ಕುಂಚವನ್ನು ಪೂರ್ತಿ ಹಸಿರಿಗೆ ಅದ್ದಿ, ತುದಿಯನ್ನು ಮಾತ್ರ ಹಳದಿಗೆ ಮುಟ್ಟಿಸಿ ಒಂದೇ ಸಲಕ್ಕೆ ಎಳೆದರೆ ಎಲೆಯೊಳಗೆ ಬಣ್ಣ ತಾನಾಗಿ ಮಾರುತ್ತದೆ. ಮಕ್ಕಳು ಅದರ ಮೇಲೆ ಮತ್ತೊಮ್ಮೆ ಕುಂಚ ಆಡಿಸುತ್ತಾರೆ, ಆಗ ಎರಡೂ ಬೆರೆತು ಸಪ್ಪೆಯಾಗುತ್ತದೆ. ಗತಿ ಕೆಟ್ಟರೂ ಮುಟ್ಟದೆ ಮುಂದಕ್ಕೆ ಹೋಗಲಿ. ಬಣ್ಣ ಗಟ್ಟಿ ಮಜ್ಜಿಗೆಯ ಹದದಲ್ಲಿರಲಿ, ನೀರು ಹೆಚ್ಚಾದರೆ ಅಂಚು ಹರಡುತ್ತದೆ. ದೊಡ್ಡ ಹೂ ಮೊದಲು, ಆಮೇಲೆ ಎಲೆ, ಕೊನೆಗೆ ಸಣ್ಣ ಟಿಸಿಲು. ‘ಕಲಿನಾ’ ಎಂಬ ಕೆಂಪು ಹಣ್ಣಿನ ಗೊಂಚಲನ್ನು ಬೆರಳ ತುದಿಯಲ್ಲಿ ಒತ್ತಿಸಿ. ಅಲ್ಲಿನವರೂ ಹಾಗೇ ಮಾಡುತ್ತಾರೆ, ಮಕ್ಕಳಿಗೆ ಅದೇ ಬಹಳ ಇಷ್ಟವಾಗುವುದು.

ಪ್ರಶ್ನೆ: ಹಳೆಯ ಪುಸ್ತಕ, ಪೋಸ್ಟರ್‌ಗಳಲ್ಲಿರುವುದು ಉಕ್ರೇನಿಯನ್ನೋ ರಷ್ಯನ್ನೋ ಭಾಷೆ ಬಾರದೆ ಗುರುತಿಸಬಹುದೇ?
(ಅಂಚೆಚೀಟಿ ಸಂಗ್ರಾಹಕರು, ಮಂಗಳೂರು)

ಉತ್ತರ: ಆಗುತ್ತದೆ. ಇಂಗ್ಲಿಷಿನ ಸಣ್ಣ ಐ ಅಕ್ಷರದಂಥದ್ದು ತಲೆಯ ಮೇಲೆ ಎರಡು ಚುಕ್ಕಿ ಹೊತ್ತಿದ್ದರೆ (ї) ಅದು ಉಕ್ರೇನಿಯನ್. ಇಂಗ್ಲಿಷಿನ ಇ ಅಕ್ಷರದಂಥದ್ದರ ಮೇಲೆ ಎರಡು ಚುಕ್ಕಿ ಇದ್ದರೆ (ё), ಅಥವಾ ಸಣ್ಣ ಬಿ ಪಕ್ಕದಲ್ಲಿ ಕಡ್ಡಿ ನಿಂತಂಥ ಅಕ್ಷರ (ы) ಕಂಡರೆ ರಷ್ಯನ್. ದುಂಡಗಿನ ಇ ಬಲಕ್ಕೆ ಬಾಯಿ ತೆರೆದಿದ್ದರೆ (є) ಉಕ್ರೇನಿಯನ್, ಎಡಕ್ಕೆ ತೆರೆದಿದ್ದರೆ (э) ರಷ್ಯನ್. ಒಂದು ಚುಕ್ಕಿಯ ಐ ಮಾತ್ರ ನಂಬಬೇಡಿ: 1918ರ ಅಕ್ಷರ ಸುಧಾರಣೆಗೆ ಮುಂಚೆ ರಷ್ಯನ್ನಿನಲ್ಲೂ ಅದಿತ್ತು.

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ‘ಉಕ್ರೇನಿನ ಹಳೆಯ ಐಕಾನ್’ ಎಂದು ಮರದ ಹಲಗೆಯ ಚಿತ್ರವೊಂದು ಬಂದಿದೆ. ಬೆಲೆ ಕಡಿಮೆ. ಕೊಳ್ಳಬಹುದೇ?
(ಓದುಗರು, ಬೆಂಗಳೂರು)

ಉತ್ತರ: ಈಗಲೇ ಬೇಡ. ದಕ್ಷಿಣ ಉಕ್ರೇನಿನ ಖೆರ್ಸೊನ್ ಕಲಾ ಮ್ಯೂಸಿಯಂನಿಂದ 2022ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ದಿನಗಳಲ್ಲಿ, ರಷ್ಯನ್ ಸೇನೆ ನಗರ ಬಿಡುವ ಮುನ್ನ, ಸಾವಿರಾರು ಕೃತಿಗಳನ್ನು ಲಾರಿಗೆ ತುಂಬಿ ಕ್ರಿಮಿಯಾಕ್ಕೆ ಒಯ್ದರು. ಕ್ರಿಮಿಯಾದ ಸಿಮ್ಫೆರೊಪೊಲ್‌ನ ಮ್ಯೂಸಿಯಂನಲ್ಲಿ ತೆಗೆದ ಫೋಟೊ, ವಿಡಿಯೊಗಳನ್ನು ತಮ್ಮ ದಾಖಲೆಗೆ ಹೋಲಿಸಿ ಖೆರ್ಸೊನ್ನಿನ ಸಿಬ್ಬಂದಿ ಒಂದೊಂದಾಗಿ ಗುರುತಿಸುತ್ತ ಬಂದಿದ್ದಾರೆ. ಕಳುವಾದವು ಕೊನೆಗೆ ಮಾರುಕಟ್ಟೆಗೆ ಬರುವುದು ಇಂಥ ‘ಕಡಿಮೆ ಬೆಲೆ’ಯ ದಾರಿಯಲ್ಲೇ. ಅಂತಾರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2022ರ ನವೆಂಬರಿನಲ್ಲಿ ಉಕ್ರೇನಿನ ಅಪಾಯದಲ್ಲಿರುವ ವಸ್ತುಗಳ ಕೆಂಪು ಪಟ್ಟಿ ಪ್ರಕಟಿಸಿದೆ. ಅದು ಕಳುವಾದ ವಸ್ತುಗಳ ಪಟ್ಟಿಯಲ್ಲ, ಯಾವ ಬಗೆಯ ವಸ್ತು ಕಂಡರೆ ಜಾಗ್ರತೆ ಬೇಕೆಂದು ತಿಳಿಸುವ ಪಟ್ಟಿ. ಐಕಾನ್‌ಗಳು ಅದರಲ್ಲಿವೆ.

ಒಡೆತನದ ಪ್ರಶ್ನೆ ಎಷ್ಟು ದೂರ ಎಳೆಯಬಲ್ಲದು ಎನ್ನುವುದಕ್ಕೆ ಆಮ್‌ಸ್ಟರ್‌ಡಾಂನ ಪ್ರಕರಣ ನೋಡಿ. ಕ್ರಿಮಿಯಾದ ನಾಲ್ಕು ಮ್ಯೂಸಿಯಂಗಳಿಂದ ಅಲ್ಲಿನ ಅಲಾರ್ಡ್ ಪಿಯರ್ಸನ್ ಮ್ಯೂಸಿಯಂಗೆ ಪ್ರದರ್ಶನಕ್ಕೆ ಹೋಗಿದ್ದ 565 ವಸ್ತುಗಳು, ಪ್ರಾಚೀನ ಸಿಥಿಯನ್ ಅಲೆಮಾರಿಗಳ ಚಿನ್ನವೂ ಸೇರಿ, 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಾಗ ಅಲ್ಲೇ ಉಳಿದವು. ಡಚ್ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಉಕ್ರೇನಿನ ಪರ ತೀರ್ಪು ಕೊಟ್ಟ ಮೇಲೆ, ಆ ನವೆಂಬರಿನಲ್ಲಿ ಕೀವ್ ತಲುಪಿದವು.

ಮಾರುವವರಿಗೆ ಬರೆದು ಮೂರು ಕೇಳಿ: ಹಲಗೆಯ ಹಿಂಬದಿಯ ಸ್ಪಷ್ಟ ಫೋಟೊ, 2014ಕ್ಕೆ ಹಿಂದಿನ ಒಡೆಯರ ರಸೀದಿ, ಉಕ್ರೇನ್ ಬಿಟ್ಟು ಹೊರಬರಲು ಪಡೆದ ಪರವಾನಗಿ. ಹಿಂಬದಿಯಲ್ಲಿ ಸಂಖ್ಯೆ ಬರೆದಿದ್ದರೆ, ರಬ್ಬರ್ ಸ್ಟಾಂಪು ಇದ್ದರೆ, ಅಥವಾ ಚೀಟಿ ಕಿತ್ತ ಚೌಕವೋ ಹೊಸದಾಗಿ ಉಜ್ಜಿದ ಗುರುತೋ ಕಂಡರೆ ಅದು ಮ್ಯೂಸಿಯಂನ ಸೊತ್ತಾಗಿರಬಹುದು. ಫೋಟೊ ಉಳಿಸಿಕೊಂಡು, ಹರಾಜಿನ ಪುಟದ ವಿಳಾಸ ಸಹಿತ ದೆಹಲಿಯಲ್ಲಿರುವ ಉಕ್ರೇನ್ ರಾಯಭಾರ ಕಚೇರಿಗೆ ಇಮೇಲ್ ಮಾಡಿ. ಹಿಂಬದಿಯ ಫೋಟೊ ಕೊಡಲು ಒಪ್ಪದವರೊಡನೆ ಮಾತು ಮುಂದುವರಿಸಬೇಡಿ.